ನೀರಿಗೊಂದು ನೆಲೆ: ಇಲ್ಲಿನ ಜೌಗು, ಅಲ್ಲಿನ ಕೆರೆ

ಪೂಜೆಗೆ ಕುಳಿತಾಗ ಕಲಶದ ನೀರಿನಲ್ಲಿ ಏಳು ನದಿಗಳನ್ನು ಆವಾಹನೆ ಮಾಡುವುದು ನಮ್ಮ ಸಂಪ್ರದಾಯ. ಗಂಗೆ, ಯಮುನೆ, ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ. ಮಂತ್ರದಲ್ಲಿ ಬರುವುದು ಈ ಏಳು ಹೆಸರು. ಕಲಶದಲ್ಲಿರುವುದು ಮಾತ್ರ ನಮ್ಮ ಮನೆಯ ನಲ್ಲಿ ನೀರು. ಶಿಕಾಗೊ ನಗರದಲ್ಲಿ ಮತ್ತು ಅನೇಕ ಉಪನಗರಗಳಲ್ಲಿ ಅದು ಮಿಷಿಗನ್ ಸರೋವರದ್ದು. ಬಾಲಾಜಿ ದೇವಸ್ಥಾನವಿರುವ ಅರೋರಾದಲ್ಲಿ ಫಾಕ್ಸ್ ನದಿಯದು, ಜೊತೆಗೆ ಬಾವಿಗಳದ್ದು. ಡೆಟ್ರಾಯಿಟ್ ಸುತ್ತಮುತ್ತಲಿನವರಿಗೆ ಡೆಟ್ರಾಯಿಟ್ ನದಿಯಿಂದಲೂ ಹ್ಯೂರನ್ ಸರೋವರದಿಂದಲೂ ಬರುತ್ತದೆ. ಈ ನೀರು ಎಲ್ಲಿ ಹುಟ್ಟಿ, ಯಾರ ಹೊಲ ದಾಟಿ, ಏನನ್ನು ಹೊತ್ತು ಬರುತ್ತದೆ ಎಂಬುದನ್ನು ಈ ಸಂಚಿಕೆಯಲ್ಲಿ ಸ್ವಲ್ಪ ಅಭ್ಯಾಸ ಮಾಡೋಣ. ಮಕ್ಕಳು ಶಾಲೆಯಲ್ಲಿ ವಾಟರ್‌ಶೆಡ್ ಎಂಬ ಪಾಠ ಕಲಿಯುತ್ತಾರೆ. ದೊಡ್ಡವರಾದ ನಮಗೂ ಅದರಲ್ಲಿ ತಿಳಿಯಬೇಕಾದದ್ದು ಬಹಳವಿದೆ.

ಮೊದಲು ಬೇಸ್‌ಮೆಂಟಿಗೆ ಇಳಿಯೋಣ. ಅಲ್ಲಿ ಮೂಲೆಯಲ್ಲೊಂದು ಗುಂಡಿ, ಅದರಲ್ಲೊಂದು ಸಂಪ್ ಪಂಪ್ ಇರುತ್ತದಷ್ಟೆ? ವಸಂತ ಕಾಲದಲ್ಲಿ ಹಿಮ ಕರಗಿ ಜೋರು ಮಳೆ ಬಂದಾಗ ಅದು ಹಗಲು ರಾತ್ರಿ ಗುರ್ ಎನ್ನುತ್ತಿರುತ್ತದೆ. ಕರೆಂಟ್ ಹೋದರೆ ನಮ್ಮ ಎದೆ ಡವಡವ. ಮನೆಯ ಬುನಾದಿಯ ಸುತ್ತ ತೂತುಳ್ಳ ಪೈಪು ಹೂತು, ಮಣ್ಣಿನ ನೀರನ್ನು ಆ ಗುಂಡಿಗೆ ಇಳಿಸಿ ಹೊರಗೆ ತಳ್ಳುವ ಏರ್ಪಾಡು ಇದು. ಆ ಪೈಪಿಗೆ ಡ್ರೇನ್ ಟೈಲ್ ಎನ್ನುತ್ತಾರೆ. ಹೆಸರಿನಲ್ಲಿ ಟೈಲ್ ಏಕೆ ಬಂತೆಂದರೆ, ಹಿಂದೆ ಅದನ್ನು ಹೆಂಚಿನಂತೆ ಸುಟ್ಟ ಜೇಡಿಮಣ್ಣಿನಿಂದ ಮಾಡುತ್ತಿದ್ದರು. ಈಗ ಪ್ಲಾಸ್ಟಿಕ್ಕಿನದು. ನಮ್ಮ ಮನೆಯ ಅಡಿಯಲ್ಲಿ ಸಣ್ಣದಾಗಿ ನಡೆಯುವ ಈ ಕೆಲಸವೇ ಇಲಿನಾಯ್ ರಾಜ್ಯದ ಹೊಲಗಳ ಅಡಿಯಲ್ಲಿ ಸುಮಾರು ಒಂದು ಕೋಟಿ ಎಕರೆಯಷ್ಟು ನೆಲದಲ್ಲಿ ನಡೆಯುತ್ತಿದೆ.

ಈ ನೆಲ ಮೊದಲು ಜೌಗು

ಐ-55 ಅಥವಾ ಐ-80 ಹೆದ್ದಾರಿಯಲ್ಲಿ ಹೋಗುವಾಗ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಮುಸುಕಿನ ಜೋಳ ಮತ್ತು ಸೋಯಾಬೀನ್ ಕಾಣುತ್ತದೆ. ಮೊದಲಿಂದಲೂ ಹೀಗೆಯೇ ಇತ್ತೇನೋ ಎನ್ನಿಸುತ್ತದೆ. ಆದರೆ ಇನ್ನೂರು ವರ್ಷಗಳ ಹಿಂದೆ ಇಲ್ಲಿ ವರ್ಷದ ಅರ್ಧಭಾಗ ಮೊಣಕಾಲುದ್ದ ನೀರು ನಿಲ್ಲುತ್ತಿದ್ದ ಹುಲ್ಲುಗಾವಲುಗಳಿದ್ದವು. 1850ರಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ಕಾಯಿದೆ ಮಾಡಿ, ಬಸಿದು ಬೇಸಾಯಕ್ಕೆ ತರಲೆಂದೇ ಜೌಗು ನೆಲವನ್ನು ರಾಜ್ಯಗಳಿಗೆ ಬಿಟ್ಟುಕೊಟ್ಟಿತು. 1879ರಲ್ಲಿ ಇಲಿನಾಯ್ ರಾಜ್ಯ ರೈತರು ಕೂಡಿ ಡ್ರೈನೇಜ್ ಡಿಸ್ಟ್ರಿಕ್ಟ್ ರಚಿಸಿಕೊಂಡು, ತೆರಿಗೆ ಎತ್ತಿ, ಕಾಲುವೆ ತೋಡಲು ಕಾನೂನು ಮಾಡಿತು. ಸೊಳ್ಳೆ ಮತ್ತು ಚಳಿಜ್ವರದ ಕಾಟ ತಪ್ಪಿತು, ಲೋಕದಲ್ಲೇ ಅತ್ಯಂತ ಫಲವತ್ತಾದ ಕಪ್ಪುಮಣ್ಣು ಸಿಕ್ಕಿತು. ಬರಿಗೈಯಲ್ಲಿ ಬಂದ ವಲಸೆಗಾರರು ಕೊಳೆಸೊಪ್ಪಿನ ನೀರಿನಲ್ಲಿ ನಿಂತು ಗುದ್ದಲಿಯಿಂದ ಅಗೆದು ಮಾಡಿದ ಕೆಲಸ ಅದು. ಅವರನ್ನು ಇಂದು ನಾವು ಹಗುರವಾಗಿ ದೂರುವುದು ಸಲ್ಲದು.

ಆದರೂ ಲೆಕ್ಕ ಲೆಕ್ಕವೇ. ಇಲಿನಾಯ್ ರಾಜ್ಯದ ಮೂಲ ಜೌಗಿನಲ್ಲಿ ನೂರಕ್ಕೆ 85ರಿಂದ 90 ಪಾಲು ಹೋಯಿತು. ಒಹಾಯೊದಲ್ಲಿ 90, ಮಿಷಿಗನ್‌ನಲ್ಲಿ ಸುಮಾರು ಅರ್ಧ.

ಜೌಗು ಮಾಡುತ್ತಿದ್ದ ಕೆಲಸವೇನು ಎಂಬುದು ಪಾಠದ ಮುಖ್ಯ ಭಾಗ. ಹೊಲಕ್ಕೆ ಹಾಕಿದ ಸಾರಜನಕದ ಗೊಬ್ಬರದಲ್ಲಿ ಬೆಳೆ ಹೀರಿ ಉಳಿದದ್ದು, ಮಣ್ಣಿನ ಸಾವಯವ ಅಂಶದಿಂದ ಬಿಡುಗಡೆಯಾದದ್ದು, ನೈಟ್ರೇಟ್ ರೂಪದಲ್ಲಿ ನೀರಿನಲ್ಲಿ ಕರಗುತ್ತದೆ. ಅದು ಮಣ್ಣಿಗೆ ಅಂಟಿಕೊಳ್ಳದು, ನೀರು ಹೋದ ಕಡೆ ಹೋಗುತ್ತದೆ. ಮೊದಲಾದರೆ ಆ ನೀರು ಕೆಸರಿನಲ್ಲಿ ವಾರಗಟ್ಟಲೆ ನಿಲ್ಲುತ್ತಿತ್ತು. ಕೆಸರಿನ ಆಳದಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆಮ್ಲಜನಕದ ಬದಲು ನೈಟ್ರೇಟನ್ನೇ ಬಳಸಿ, ಅದನ್ನು ಸಾರಜನಕ ಅನಿಲವಾಗಿ ಗಾಳಿಗೆ ಬಿಟ್ಟುಬಿಡುತ್ತವೆ. ನಾವು ಉಸಿರಾಡುವ ಗಾಳಿಯ ಮುಕ್ಕಾಲು ಪಾಲು ಅದೇ ಅನಿಲವಾದ್ದರಿಂದ ತೊಂದರೆಯಿಲ್ಲ. ಇಷ್ಟು ದೊಡ್ಡ ಶುದ್ಧೀಕರಣ ಘಟಕ ಪುಕ್ಕಟೆಯಾಗಿ ನಡೆಯುತ್ತಿತ್ತು. ಟೈಲ್ ಬಂದ ಮೇಲೆ ನೀರಿಗೆ ನಿಲ್ಲಲು ಸಮಯವೇ ಇಲ್ಲ. ಬಿದ್ದ ಮಳೆ ಪೈಪಿಗೆ ಇಳಿದು, ಕಾಲುವೆ ಸೇರಿ, ನದಿಗೆ ಓಡುತ್ತದೆ.

ಫಾಸ್ಫರಸ್ಸಿನ ಕಥೆ ಬೇರೆ. ಅದು ಗಾಳಿಗೆ ಹೋಗುವುದಿಲ್ಲ. ಜೌಗಿನಲ್ಲಿ ಮಣ್ಣಿನ ಜೊತೆ ತಳಕ್ಕೆ ಕೂರುತ್ತದೆ, ಗಿಡಗಳು ಒಂದಿಷ್ಟು ಹೀರುತ್ತವೆ. ತಳ ತುಂಬಿದರೆ ಮತ್ತೆ ಹೊರಬರುವುದೂ ಉಂಟು. ಹಾಗಾಗಿ ಜೌಗು ಮಾಡಿಬಿಟ್ಟರೆ ಎಲ್ಲ ಸರಿಹೋಯಿತು ಎಂದು ಕೈತೊಳೆದುಕೊಳ್ಳುವಂತಿಲ್ಲ, ನೋಡಿಕೊಳ್ಳುವವರು ಬೇಕು.

ಕಾಯಿಸಿ ಆರಿಸಿದರೂ ಹೋಗದ್ದು

ನಮ್ಮವರಿಗೆ ನೀರಿನ ಬಗ್ಗೆ ಅನುಮಾನ ಬಂದರೆ ಒಂದೇ ಮದ್ದು, ಚೆನ್ನಾಗಿ ಕುದಿಸಿ ಆರಿಸಿ ಕುಡಿಯುವುದು. ಕಾಲರಾ, ಟೈಫಾಯ್ಡ್ ಕಾಲದಲ್ಲಿ ಈ ಅಭ್ಯಾಸ ಎಷ್ಟೋ ಪ್ರಾಣ ಉಳಿಸಿದೆ. ಇಲ್ಲಿನ ಸಮಸ್ಯೆಗೆ ಮಾತ್ರ ಅದು ನಡೆಯದು. ಕುದಿಸಿದರೆ ನೀರು ಆವಿಯಾಗಿ ಕಡಿಮೆಯಾಗುತ್ತದೆ, ನೈಟ್ರೇಟ್ ಅಷ್ಟೇ ಉಳಿಯುತ್ತದೆ, ಅಂದರೆ ಸಾಂದ್ರತೆ ಹೆಚ್ಚುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಸಾರಜನಕ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಎಂಬುದು ಅಮೆರಿಕದ ನಿಯಮ. ಮೀರಿದರೆ ಆರು ತಿಂಗಳೊಳಗಿನ ಕೂಸುಗಳ ರಕ್ತ ಆಮ್ಲಜನಕವನ್ನು ಸರಿಯಾಗಿ ಒಯ್ಯಲಾರದೆ ಮೈ ನೀಲಿಗಟ್ಟುವ ಅಪಾಯವಿದೆ. ಮೊಮ್ಮಗುವಿನ ಬಾಣಂತನಕ್ಕೆ ಬಂದ ಅಜ್ಜಿಯಂದಿರು ಇದನ್ನು ತಿಳಿದಿರುವುದು ಒಳ್ಳೆಯದು, ಅದರಲ್ಲೂ ಹಳ್ಳಿಯ ಕಡೆ ಸ್ವಂತ ಬಾವಿಯಿರುವ ಮನೆಗಳಲ್ಲಿ. ಅಲ್ಲಿ ನೀರನ್ನು ಪರೀಕ್ಷೆ ಮಾಡಿಸುವುದು ಮನೆಯವರದೇ ಹೊಣೆ.

ಇದು ಪುಸ್ತಕದ ಮಾತಲ್ಲ. ಬ್ಲೂಮಿಂಗ್ಟನ್ ಊರಿಗೆ ಕುಡಿಯುವ ನೀರು ಬರುವುದು ಲೇಕ್ ಬ್ಲೂಮಿಂಗ್ಟನ್ ಮತ್ತು ಎವರ್‌ಗ್ರೀನ್ ಲೇಕ್ ಎಂಬ ಎರಡು ಕಟ್ಟೆಗಳಿಂದ. ಸ್ಟೇಟ್ ಫಾರ್ಮ್ ಕಂಪನಿಯ ಕೆಲಸಕ್ಕೆ ಬಂದು ನೆಲೆಸಿದ ಭಾರತೀಯ ಕುಟುಂಬಗಳು ಅಲ್ಲಿ ಬಹಳ. ಎರಡೂ ಕಟ್ಟೆಗಳ ಸುತ್ತ ಟೈಲ್ ಹಾಕಿದ ಜೋಳದ ಹೊಲಗಳು. ಲೇಕ್ ಬ್ಲೂಮಿಂಗ್ಟನ್ನಿನ ನೀರಿನಲ್ಲಿ ನೈಟ್ರೇಟ್ ಕೆಲವು ವರ್ಷ ಆ ಮಿತಿಯನ್ನು ದಾಟಿದೆ. ಅಂಥ ಸಮಯದಲ್ಲಿ ಇನ್ನೊಂದು ಕಟ್ಟೆಯ ನೀರು ಬೆರೆಸಿ ಊರಿಗೆ ಕೊಡುತ್ತಾರೆ.

ಡೆಟ್ರಾಯಿಟ್ ಕಡೆಯವರಿಗೆ 2014ರ ಆಗಸ್ಟ್ 2 ನೆನಪಿರಬಹುದು. ಈರಿ ಸರೋವರದ ಪಶ್ಚಿಮ ತುದಿಯಲ್ಲಿ ಹಸಿರು ಬಣ್ಣ ಕದಡಿದಂತೆ ಪಾಚಿ ಹಬ್ಬಿತ್ತು. ಅದರ ವಿಷ ಟೊಲೀಡೊ ನಗರದ ನೀರಿನ ಕೊಳವೆಗೇ ಬಂದು, ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು ಸಾರಬೇಕಾಯಿತು. ಗಡಿಯ ಈಚೆ ಮಿಷಿಗನ್ನಿನ ಮನ್ರೋ ಕೌಂಟಿಯ ಕೆಲವು ಊರುಗಳಿಗೂ ಅದೇ ನೀರು. ಮೂರನೆಯ ದಿನ ಆಜ್ಞೆ ತೆಗೆದರು. ಅಷ್ಟರಲ್ಲಿ ಜನ ಬಾಟಲಿ ನೀರಿಗಾಗಿ ಊರೂರು ಸುತ್ತಿದ್ದರು. ಮಹಾ ಸರೋವರಗಳ ದಡದಲ್ಲಿದ್ದೂ ಕುಡಿಯಲು ನೀರಿಲ್ಲ!

ಆ ಪಾಚಿಗೆ ಆಹಾರ ಫಾಸ್ಫರಸ್. ಅದರ ಬಹುಪಾಲು ಬರುವುದು ಮಾಮಿ ನದಿಯ ಮೂಲಕ, ಹೊಲಗಳಿಂದ. ಮಾಮಿ ಹರಿಯುವ ವಾಯವ್ಯ ಒಹಾಯೊದಲ್ಲಿ ಒಂದು ಕಾಲಕ್ಕೆ ಗ್ರೇಟ್ ಬ್ಲ್ಯಾಕ್ ಸ್ವಾಂಪ್ ಎಂಬ ಭಾರಿ ಜೌಗು ಕಾಡಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅದನ್ನು ಬಸಿದು ಹೊಲ ಮಾಡಿದರು. 2015ರಲ್ಲಿ ಮಿಷಿಗನ್, ಒಹಾಯೊ ಮತ್ತು ಕೆನಡಾದ ಒಂಟಾರಿಯೊ ಸೇರಿ 2025ರೊಳಗೆ ಫಾಸ್ಫರಸ್ಸನ್ನು ನೂರಕ್ಕೆ 40ರಷ್ಟು ಇಳಿಸುತ್ತೇವೆಂದು ಒಪ್ಪಿಕೊಂಡವು. ಗುರಿ ಮುಟ್ಟದೆಯೇ ಗಡುವು ಕಳೆಯಿತು.

ರೈತನೊಬ್ಬನನ್ನೇ ಬೈಯುವ ಮೊದಲು ಇನ್ನೊಂದು ಮಾತು. ಲೆಮಾಂಟಿನ ನಮ್ಮ ದೇವಸ್ಥಾನದ ಗುಡ್ಡದ ಆಚೆ ಕೆಳಗೆ ಹರಿಯುವ ದೊಡ್ಡ ಕಾಲುವೆ ನೆನಪಿದೆಯೆ? 1900ರಲ್ಲಿ ಶಿಕಾಗೊ ನಗರ ತನ್ನ ಕೊಳಚೆ ಮಿಷಿಗನ್ ಸರೋವರಕ್ಕೆ ಹೋಗದಂತೆ ನದಿಯನ್ನೇ ಹಿಂದಕ್ಕೆ ತಿರುಗಿಸಿದ ಕಾಲುವೆ ಅದು. ಅಂದಿನಿಂದ ನಮ್ಮ ಬಚ್ಚಲ ನೀರು, ಸಂಸ್ಕರಣೆಯಾದ ಮೇಲೂ, ಇಲಿನಾಯ್ ನದಿಯ ಮೂಲಕ ಮಿಸಿಸಿಪ್ಪಿ ಸೇರಿ ಮೆಕ್ಸಿಕೊ ಕೊಲ್ಲಿಗೆ ಹೋಗುತ್ತದೆ. ರಾಜ್ಯದಿಂದ ಹೊರಹೋಗುವ ನೈಟ್ರೇಟಿನಲ್ಲಿ ಸುಮಾರು 80 ಪಾಲು ಹೊಲದ್ದು, ನಿಜ. ಫಾಸ್ಫರಸ್ಸಿನಲ್ಲಿ ಮಾತ್ರ ಊರುಗಳ ಕೊಳಚೆ ಮತ್ತು ಹೊಲ ಹೆಚ್ಚುಕಡಿಮೆ ಸಮಸಮ.

ಕಟ್ಟಿದವರು, ಬಸಿದವರು

ಈಗ ನಮ್ಮ ಊರ ಕಡೆ ನೋಡೋಣ. ಅಲ್ಲಿನ ಚರಿತ್ರೆ ಇದಕ್ಕೆ ತಿರುಗುಮುರುಗು. ಇಲ್ಲಿ ರೈತ ನೀರನ್ನು ಓಡಿಸಿ ಬೇಸಾಯ ಮಾಡಿದ, ನಮ್ಮ ಹಿರಿಯರು ನೀರನ್ನು ನಿಲ್ಲಿಸಿ ಬೇಸಾಯ ಮಾಡಿದರು. ಕರ್ನಾಟಕದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಕೆರೆಗಳಿವೆ, ಬಹುಪಾಲು ಮನುಷ್ಯರು ಕಟ್ಟಿದವು. ಏರಿ, ತೂಬು, ಕೋಡಿ, ಕೆಳಗೆ ಗದ್ದೆ. ತೂಬು ಎತ್ತಿ ಇಳಿಸಿ ಸರದಿಯಂತೆ ನೀರು ಬಿಡಲು ನೀರುಗಂಟಿ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಹೂಳನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. ಅದು ಕೆರೆಗೆ ಶುದ್ಧಿ, ಹೊಲಕ್ಕೆ ಗೊಬ್ಬರ. ಮೇಲೆ ಹೇಳಿದ, ತಳದಲ್ಲಿ ಕೂತ ಫಾಸ್ಫರಸ್ ಮತ್ತೆ ಹೊಲಕ್ಕೆ ಹೋಗುವ ದಾರಿ ಇದೇ ಅಲ್ಲವೆ? ರಸಾಯನಶಾಸ್ತ್ರ ಓದದೆಯೂ ಮಾಡುತ್ತಿದ್ದರು.

ನನ್ನ ಮಟ್ಟಿಗೆ ಇಲ್ಲಿ ಹೆಚ್ಚು ಮುಖ್ಯವಾದದ್ದು ಬಿತ್ತುವಟ್ಟ ಎಂಬ ಹಳೆಯ ಶಬ್ದ. ಕರ್ನಾಟಕದ ಶಾಸನಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಕೆರೆಯನ್ನು ಕಟ್ಟಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಕೆರೆಯ ಕೆಳಗಿನ ಭೂಮಿಯಲ್ಲಿ ಅಥವಾ ಬೆಳೆಯಲ್ಲಿ ಒಂದು ಪಾಲನ್ನು ಬಿಡುವುದೇ ಬಿತ್ತುವಟ್ಟ. ಕೆರೆ ಕಟ್ಟಿಸುವುದು ಪುಣ್ಯ ಎಂದು ಹಿರಿಯರು ಹೇಳಿದರು, ಆದರೆ ಪುಣ್ಯವೊಂದನ್ನೇ ನಂಬಿ ಕೂರಲಿಲ್ಲ. ನೀರು ನಿಲ್ಲುವ ಜಾಗಕ್ಕೆ ಒಂದು ಬೆಲೆಯಿದೆ, ಅದನ್ನು ಯಾರಾದರೂ ಭರಿಸಬೇಕು ಎಂಬ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟರು. ಆ ಲೆಕ್ಕ ತಪ್ಪಿದ ಕಡೆ ಕೆರೆಗಳ ಗತಿ ಏನಾಯಿತೆಂದು ಬೆಂಗಳೂರಿನ ನೆಂಟರನ್ನು ಕೇಳಿದರೆ ಸಾಕು.

ಪಂಪು ನಿಲ್ಲಿಸಿದ ಮೇಲೆ

ಫಾಕ್ಸ್ ನದಿ ಆಟವಾ ಊರಿನ ಬಳಿ ಇಲಿನಾಯ್ ನದಿಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ, ನದಿ ದಕ್ಷಿಣಕ್ಕೆ ತಿರುಗುವ ಕಡೆ ಹೆನಪಿನ್ ಎಂಬ ಸಣ್ಣ ಊರಿದೆ. ಇಲ್ಲಿ ಹೆನಪಿನ್ ಮತ್ತು ಹಾಪರ್ ಎಂಬ ಎರಡು ಸರೋವರಗಳಿದ್ದವು. 20ನೆಯ ಶತಮಾನದ ಆರಂಭದಲ್ಲಿ ನದಿಗೆ ಏರಿ ಹಾಕಿ, ಪಂಪು ಇಟ್ಟು, ಸರೋವರಗಳನ್ನು ಬತ್ತಿಸಿ ಹೊಲ ಮಾಡಿದರು. ಸುಮಾರು ಒಂಬತ್ತು ದಶಕ ಜೋಳ ಮತ್ತು ಸೋಯಾ ಬೆಳೆದರು. ಪಂಪು ಮಾತ್ರ ಒಂದು ವರ್ಷವೂ ಬಿಡುವಂತಿಲ್ಲ, ನಮ್ಮ ಬೇಸ್‌ಮೆಂಟಿನ ಕಥೆಯೇ. ಶಿಕಾಗೊದ ದಿ ವೆಟ್‌ಲ್ಯಾಂಡ್ಸ್ ಇನಿಶಿಯೇಟಿವ್ ಎಂಬ ಸಂಸ್ಥೆ ಆ ಜಮೀನನ್ನು ಪಡೆದು 2001ರಲ್ಲಿ ಪಂಪು ನಿಲ್ಲಿಸಿತು. ಕೆಲವೇ ತಿಂಗಳಲ್ಲಿ ಸರೋವರಗಳು ತಾವಾಗಿ ತುಂಬಿದವು. ಮಣ್ಣಿನಲ್ಲಿ ಅಷ್ಟು ವರ್ಷ ಮಲಗಿದ್ದ ಜಲಸಸ್ಯಗಳ ಬೀಜಗಳು ಮೊಳೆತವು.

ಅಲ್ಲಿಗೆ ಸುಖಾಂತ್ಯವಾಗಲಿಲ್ಲ. ಕಾರ್ಪ್ ಎಂಬ ಹೊರನಾಡಿನ ಮೀನು ಸೇರಿಕೊಂಡು, ತಳವನ್ನು ಕೆದಕಿ ಕೆದಕಿ ನೀರೆಲ್ಲ ರಾಡಿಯಾಯಿತು. ಬೆಳಕು ಕಾಣದೆ ಗಿಡಗಳು ಸತ್ತವು. ನೀರನ್ನು ತಗ್ಗಿಸಿ, ಮೀನನ್ನು ನಿರ್ಮೂಲ ಮಾಡಿ, ಮತ್ತೆ ಮೊದಲಿಂದ ಶುರುಮಾಡಬೇಕಾಯಿತು. ಈಗ ಅದು ಮೂರು ಸಾವಿರಕ್ಕೂ ಹೆಚ್ಚು ಎಕರೆಯ ಡಿಕ್ಸನ್ ವಾಟರ್‌ಫೌಲ್ ರೆಫ್ಯೂಜ್.

ನದಿಯಲ್ಲಿ ಇನ್ನೂ ಕೆಳಗೆ, ಹವಾನಾ ಊರಿನ ಎದುರು ದಡದಲ್ಲಿ ಎಮಿಕ್ವಾನ್ ಇದೆ. ದಿ ನೇಚರ್ ಕನ್ಸರ್ವೆನ್ಸಿ ಸಂಸ್ಥೆ 2000ದಲ್ಲಿ ಸುಮಾರು 7,000 ಎಕರೆ ಹೊಲ ಕೊಂಡಿತು. ಕೊಂಡ ಕೂಡಲೇ ನೀರು ಬಿಡಲಿಲ್ಲ. ಕೆಲವು ವರ್ಷ ಬೇಸಾಯ ಮುಂದುವರಿಯಿತು, 2007ರಲ್ಲಿ ಪಂಪು ನಿಂತಿತು. ಈ ಎರಡೂ ಜಾಗಗಳು 2012ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ 1971ರ ಒಪ್ಪಂದದಂತೆ ಜಗತ್ತಿನ ಮುಖ್ಯ ಜೌಗುಗಳ ಪಟ್ಟಿಗೆ ಸೇರಿದವು. ಡೆಟ್ರಾಯಿಟ್ ನದಿಯ ಅಮೆರಿಕದ ದಡದಲ್ಲಿ ಸಹಜ ಸ್ಥಿತಿಯಲ್ಲಿ ಉಳಿದ ಕೊನೆಯ ಒಂದು ಮೈಲಿಯಾದ ಹಂಬಗ್ ಮಾರ್ಷ್ 2010ರಲ್ಲೇ ಅದೇ ಪಟ್ಟಿಗೆ ಸೇರಿತ್ತು.

ಹೀಗೆ ಇಡೀ ಹೊಲವನ್ನೇ ಕೊಂಡುಕೊಳ್ಳುವುದು ಒಂದು ದಾರಿ. ಆದರೆ ಒಂದು ಕೋಟಿ ಎಕರೆಯನ್ನು ಯಾರು ಕೊಂಡಾರು? ಕೊಂಡರೂ ಅನ್ನ ಬೆಳೆಯುವವರು ಯಾರು? ಆದ್ದರಿಂದ ಎರಡನೆಯ ದಾರಿಯೇ ನನಗೆ ಹೆಚ್ಚು ಆಶಾದಾಯಕವಾಗಿ ಕಾಣುತ್ತದೆ. ಲೆಕ್ಸಿಂಗ್ಟನ್ ಊರಿನ ಬಳಿ ಫ್ರಾಂಕ್ಲಿನ್ ಫಾರ್ಮ್‌ನಲ್ಲಿ ನೇಚರ್ ಕನ್ಸರ್ವೆನ್ಸಿಯವರು ಇಲಿನಾಯ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಟೈಲಿನ ಬಾಯಿಗೆ ಸಣ್ಣ ಸಣ್ಣ ಜೌಗುಗಳನ್ನು ಕಟ್ಟಿ, ಹತ್ತಕ್ಕೂ ಹೆಚ್ಚು ವರ್ಷ ಒಳಬರುವ ಹೊರಹೋಗುವ ನೀರನ್ನು ಅಳೆದರು. ಟೈಲ್ ಬಸಿಯುವ ನೆಲದ ನೂರಕ್ಕೆ ಮೂರರಷ್ಟು ಜಾಗ ಬಿಟ್ಟರೂ ಸ್ವಲ್ಪ ಲಾಭವಿದೆ. ಆರರಿಂದ ಒಂಬತ್ತರಷ್ಟು ಬಿಟ್ಟರೆ ಹೆಚ್ಚುಕಡಿಮೆ ಅರ್ಧ ನೈಟ್ರೇಟ್ ಅಲ್ಲೇ ಕರಗಿ ಹೋಗುತ್ತದೆ. ನೂರು ಎಕರೆಯಲ್ಲಿ ಆರೆಂಟು ಎಕರೆ, ಅದೂ ಬೆಳೆ ಸರಿಯಾಗಿ ಬಾರದ ತಗ್ಗು ಮೂಲೆ.

ಆದರೂ ಆ ಆರೆಂಟು ಎಕರೆ ಯಾರದೋ ಅನ್ನ. ರೈತ ತನ್ನ ಟೈಲಿನ ನೀರನ್ನು ಶುದ್ಧಿ ಮಾಡಿದರೆ ಲಾಭ ಅವನಿಗಲ್ಲ, ಕೆಳಗಿನ ಊರಿಗೆ. ಹಾಗಿರುವಾಗ ಅವನೇಕೆ ಬಿಡಬೇಕು? ಇದಕ್ಕಾಗಿಯೇ ಸರಕಾರದ ಕೆಲವು ಯೋಜನೆಗಳಿವೆ. 1985ರಲ್ಲಿ ಶುರುವಾದ ಯೋಜನೆಯೊಂದು ಹತ್ತು ಹದಿನೈದು ವರ್ಷದ ಕರಾರಿನ ಮೇಲೆ ರೈತನಿಗೆ ವರ್ಷವರ್ಷ ಬಾಡಿಗೆ ಕೊಡುತ್ತದೆ. 1990ರಲ್ಲಿ ಬಂದ ಇನ್ನೊಂದು, ಈಗ ಬೇರೆ ಹೆಸರಿನಲ್ಲಿ ನಡೆಯುತ್ತಿದೆ. ಅದರಲ್ಲಿ ಜೌಗನ್ನು ಮರಳಿಸುವ ಹಕ್ಕನ್ನು ಹಣ ಕೊಟ್ಟು ಪಡೆಯುತ್ತಾರೆ, ಜಮೀನು ರೈತನ ಹೆಸರಿನಲ್ಲೇ ಉಳಿಯುತ್ತದೆ. 2019ರಿಂದ ಒಹಾಯೊ ರಾಜ್ಯ ತನ್ನದೇ ಹಣದಿಂದ ಇಂಥದೇ ಕೆಲಸ ಮಾಡುತ್ತಿದೆ. ಹೆಸರು ಏನೇ ಇರಲಿ, ಇದು ಬಿತ್ತುವಟ್ಟವೇ. ಕೊಡುವ ಹಣ ಸಾಲದಾದಾಗ, ಜೋಳದ ಬೆಲೆ ಏರಿದಾಗ, ಕರಾರು ಮುಗಿದ ನೆಲ ಮತ್ತೆ ನೇಗಿಲಿಗೆ ಹೋಗುವುದೂ ಉಂಟು. ಇಲಿನಾಯ್ ರಾಜ್ಯ 2015ರಲ್ಲಿ ನೈಟ್ರೇಟನ್ನು 2025ರೊಳಗೆ ನೂರಕ್ಕೆ 15ರಷ್ಟಾದರೂ ತಗ್ಗಿಸಬೇಕೆಂದು ಹಾಕಿಕೊಂಡ ಗುರಿ ಕೈಗೂಡದಿರಲು ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ಉಪ್ಪು ನೀರಿನ ಭತ್ತ

ಜೌಗನ್ನು ಉಳಿಸಿಕೊಂಡೇ ಬೆಳೆಯುವುದು ಸಾಧ್ಯವೆ? ಉತ್ತರ ಕನ್ನಡದವರು ಆಗಲೇ ಕಗ್ಗ ಎಂದು ಹೇಳಿರುತ್ತಾರೆ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ಉಬ್ಬರದ ಉಪ್ಪು ನೀರು ಒಳಬರುವ ತಗ್ಗು ಗದ್ದೆಗಳಿವೆ, ಗಜನಿ ಎನ್ನುತ್ತಾರೆ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಕಗ್ಗ ಭತ್ತ ಬಿತ್ತುತ್ತಾರೆ. ಅದು ಉಪ್ಪನ್ನೂ ತಡೆಯುತ್ತದೆ, ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಗೊಬ್ಬರ ಔಷಧಿ ಕೇಳುವುದಿಲ್ಲ. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಬಿಟ್ಟರೆ ಮೀನು ಸಿಗಡಿಗಳು ಬಂದು ಕೂಳೆಯ ನಡುವೆ ಬೆಳೆಯುತ್ತವೆ. ಅವನ್ನು ಹಿಡಿಯುವುದು ಎರಡನೆಯ ಬೆಳೆ. ಹಕ್ಕಿಗಳಿಗೂ ಪಾಲು ಉಂಟು. ಒಂದೇ ನೆಲ ಅರ್ಧ ವರ್ಷ ಗದ್ದೆ, ಅರ್ಧ ವರ್ಷ ಜೌಗು.

ಇದಕ್ಕೆ ಊರೆಲ್ಲ ಸೇರಿ ಕಟ್ಟೆ ಕಾಯಬೇಕು. ಒಬ್ಬನ ಕಡೆ ಕಟ್ಟೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಸಿಗಡಿಗೆ ಒಳ್ಳೆಯ ಬೆಲೆ ಬಂದ ಕಾಲದಲ್ಲಿ ಬಹಳ ಕಡೆ ಗಜನಿಗಳು ವರ್ಷವಿಡೀ ಸಿಗಡಿ ಹೊಂಡಗಳಾದವು, ಕಗ್ಗ ಹಿಂದೆ ಬಿತ್ತು. ಮಾಣಿಕಟ್ಟಾದಂಥ ಊರುಗಳ ರೈತರು ಒಗ್ಗಟ್ಟಿನಿಂದ ಬೀಜ ಉಳಿಸಿಕೊಂಡರು. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು, ಜೊತೆಗೆ ಮಾಗಡಿ ಕೆರೆ ಮತ್ತು ಅಂಕಸಮುದ್ರ. ಅವಕ್ಕಿಂತ ಮುಂಚೆ, 2022ರಲ್ಲಿ, ರಂಗನತಿಟ್ಟು.

ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ. ಲಾನಿಗೆ ಹಾಕುವ ಗೊಬ್ಬರದ ಚೀಲದ ಮೇಲೆ ಮೂರು ಅಂಕೆ ಇರುತ್ತದೆ, ನಡುವಿನದು ಫಾಸ್ಫರಸ್. ಅದು ಸೊನ್ನೆ ಇರುವ ಚೀಲ ಕೊಳ್ಳಿ. ಮಿಷಿಗನ್‌ನಲ್ಲಿ 2012ರಿಂದ ಮಾಮೂಲು ಲಾನಿಗೆ ಫಾಸ್ಫರಸ್ ಹಾಕುವುದಕ್ಕೆ ಕಾನೂನಿನ ತಡೆಯೇ ಇದೆ. ಸೂರಿನ ನೀರು ಸೀದಾ ಬೀದಿಗೆ ಹೋಗುವ ಬದಲು ಅಂಗಳದ ತಗ್ಗಿನಲ್ಲಿ ಒಂದು ದಿನ ನಿಂತು ಇಂಗುವಂತೆ ಗಿಡದ ಪಾತಿ ಮಾಡಬಹುದು. ಮಕ್ಕಳಿಗೆ ತೋರಿಸಲು ಒಂದು ಸಣ್ಣ ಪ್ರಯೋಗ: ಎರಡು ಓರೆ ತಟ್ಟೆಗಳಲ್ಲಿ ಮಣ್ಣು ಹರಡಿ, ಒಂದರ ಕೆಳತುದಿಗೆ ಸ್ಪಂಜಿನ ತುಂಡು ಅಡ್ಡ ಇಟ್ಟು, ಎರಡಕ್ಕೂ ಒಂದೊಂದು ಲೋಟ ನೀರು ಸುರಿಯಿರಿ. ಕೆಳಗೆ ಬರುವ ನೀರಿನ ಬಣ್ಣವನ್ನೂ, ಬರಲು ಹಿಡಿಯುವ ಹೊತ್ತನ್ನೂ ಅವರೇ ಬರೆದುಕೊಳ್ಳಲಿ.

ಇನ್ನು ಹೋಗಿ ನೋಡುವವರಿಗೆ. ಶಿಕಾಗೊದಿಂದ ಹೆನಪಿನ್ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ವಲಸೆ ಹಕ್ಕಿಗಳು ಬರುವ ಸಮಯ ಒಳ್ಳೆಯದು. ಸುತ್ತ ಅಂಗಡಿ ಹೋಟೆಲು ಕಡಿಮೆ, ಬುತ್ತಿ ಕಟ್ಟಿಕೊಂಡೇ ಹೊರಡಿ. ಕೆಸರಿಗೆ ತಕ್ಕ ಬೂಟು, ಗಾಳಿಗೆ ಟೋಪಿ ಇರಲಿ, ದುರ್ಬೀನು ಇದ್ದರೆ ಬಹಳ ಒಳ್ಳೆಯದು. ಇಲಿನಾಯ್ ನದಿಯ ಮೇಲೆ ಆ ದಿನಗಳಲ್ಲಿ ದೊಡ್ಡ ಬಿಳಿ ಹಕ್ಕಿಗಳ ಹಿಂಡು ನಿಧಾನವಾಗಿ ಸುತ್ತು ಹಾಕುತ್ತಿರುತ್ತದೆ, ರೆಕ್ಕೆಯ ಅಂಚು ಕಪ್ಪು. ಮಕ್ಕಳು ಪೆಲಿಕನ್ ಎನ್ನುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ, ಜನ ತಮ್ಮ ಹಿತ್ತಿಲ ಹುಣಸೆ ಮರವನ್ನೇ ಗೂಡಿಗೆ ಬಿಟ್ಟುಕೊಟ್ಟಿರುವ ಊರಿನಲ್ಲಿ, ಇದರ ದಾಯಾದಿ ಹಕ್ಕಿಗೆ ಹೆಜ್ಜಾರ್ಲೆ ಎಂದು ಹೆಸರು.